ದೈಮ್ಯೊ ಒಬ್ಬನ ಜೀವನಚರಿತ್ರೆ ಬರೆಯುವ ಬಗೆ: ದಾತೆ ಮಸಮುನೆಯ ನಿದರ್ಶನ

ಜಪಾನಿನ ದೈಮ್ಯೊಗಳ, ಅಂದರೆ ಊಳಿಗಮಾನ್ಯ ಪ್ರಭುಗಳ, ಬದುಕನ್ನು ಬರೆಯಹೊರಟವರು ಸಾಮಾನ್ಯವಾಗಿ ಯುದ್ಧಗಳಿಂದ ಆರಂಭಿಸುತ್ತಾರೆ. ಅದಕ್ಕಿಂತ, ಯಾವ ವರ್ಷ ಅವನ ಕೈಯಲ್ಲಿ ಎಷ್ಟು ಭೂಮಿಯಿತ್ತು, ಕೊಟ್ಟವರಾರು, ಕಿತ್ತುಕೊಂಡವರಾರು ಎಂಬ ಲೆಕ್ಕವನ್ನು ಮೊದಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸೆಂಡಾಯ್‌ನ ಪ್ರಭು ದಾತೆ ಮಸಮುನೆ ಇದಕ್ಕೆ ತಕ್ಕ ನಿದರ್ಶನ.

ಹೆಸರು ಮತ್ತು ವಯಸ್ಸಿನ ಗೊಂದಲವನ್ನು ಆರಂಭದಲ್ಲೇ ಬಗೆಹರಿಸಿಕೊಳ್ಳಬೇಕು. 1567ರಲ್ಲಿ ಯೋನೆಜಾವಾದಲ್ಲಿ ಹುಟ್ಟಿದ ಇವನ ಬಾಲ್ಯದ ಹೆಸರು ಬೊಂತೆನ್‌ಮಾರು. ಹುಟ್ಟಿದಾಗಲೇ ಒಂದು ವರ್ಷವೆಂದೂ ಪ್ರತಿ ಹೊಸವರ್ಷಕ್ಕೆ ಇನ್ನೊಂದೆಂದೂ ಎಣಿಸುವ ಹಳೆಯ ಪದ್ಧತಿಯಂತೆ ಅವನು 70ನೇ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ಲೆಕ್ಕದಲ್ಲಿ ಆಗ ಅವನಿಗೆ 68.

ಇನ್ನು ಭೂಮಿ. ದೈಮ್ಯೊನ ಅಂತಸ್ತನ್ನು ಅಳೆಯುತ್ತಿದ್ದುದು ಕೊಕುಗಳಲ್ಲಿ. ಒಂದು ಕೊಕು ಎಂದರೆ ಒಬ್ಬ ಮನುಷ್ಯನ ವರ್ಷದ ಊಟಕ್ಕೆ ಸಾಕೆನ್ನುವಷ್ಟು, ಸುಮಾರು 180 ಲೀಟರ್ ಅಕ್ಕಿ. ಮಸಮುನೆ 1584ರಲ್ಲಿ ಮನೆತನದ ಯಜಮಾನನಾದ, 1589ರಲ್ಲಿ ಸುರಿಯಾಗೆಹಾರಾದಲ್ಲಿ ಆಶಿನಾ ಮನೆತನವನ್ನು ಸೋಲಿಸಿ ಐಜು ಸೀಮೆಯನ್ನು ಗೆದ್ದ. ಆದರೆ ಮರುವರ್ಷ ಒಡವಾರಾ ಕೋಟೆಯ ಮುತ್ತಿಗೆಗೆ ತಡವಾಗಿ ಬಂದು, ಅದನ್ನು ನಡೆಸುತ್ತಿದ್ದ ಜಪಾನಿನ ಅಂದಿನ ಅಧಿಪತಿ ತೊಯೊತೊಮಿ ಹಿದೆಯೋಶಿಗೆ ಶರಣಾದಾಗ ಆ ಐಜು ಕೈತಪ್ಪಿತು. 1591ರಲ್ಲಿ ಹುಟ್ಟೂರು ಯೋನೆಜಾವಾವನ್ನೂ ಬಿಟ್ಟು ಇವಾದೆಯಾಮಾಕ್ಕೆ ಹೋಗಬೇಕಾಯಿತು. 1600ರಲ್ಲಿ, ಹಿದೆಯೋಶಿಯ ನಂತರ ದೇಶದ ಅಧಿಕಾರಕ್ಕಾಗಿ ಹೋರಾಡುತ್ತಿದ್ದ ತೊಕುಗಾವಾ ಇಯೆಯಾಸು ತನ್ನ ಪಕ್ಷದಲ್ಲಿ ನಿಂತರೆ ಹಳೆಯ ಸೀಮೆಗಳನ್ನೆಲ್ಲ ಕೊಡುವುದಾಗಿ ಪತ್ರ ಬರೆದುಕೊಟ್ಟಿದ್ದ. ಅದು ನಡೆದಿದ್ದರೆ ಒಟ್ಟು ಹತ್ತು ಲಕ್ಷ ಕೊಕು ದಾಟುತ್ತಿತ್ತು. ನೆರೆಸೀಮೆಯ ವಾಗಾ ದಂಗೆಗೆ ಮಸಮುನೆ ಒಳಗಿಂದೊಳಗೇ ಕುಮ್ಮಕ್ಕು ಕೊಟ್ಟನೆಂಬ ಸಂಶಯ ಹುಟ್ಟಿದ್ದರಿಂದ ಆ ಮಾತು ಕಾಗದದಲ್ಲೇ ಉಳಿಯಿತು, ಕೊನೆಗೆ ದಕ್ಕಿದ್ದು ಎಲ್ಲ ಸೇರಿ 6,20,000 ಕೊಕು. ಅವನ ಮುಂದಿನ ಎಚ್ಚರಿಕೆಯ ನಡೆಗಳಿಗೆ ಕಾರಣವನ್ನು ಗೆದ್ದ ಯುದ್ಧಗಳಿಗಿಂತ ಈ ಕೊರತೆಯಲ್ಲೇ ಹುಡುಕಬೇಕೆಂದು ನನ್ನ ಅಭಿಪ್ರಾಯ.

ಮದುವೆಗಳನ್ನೂ ಇದೇ ಲೆಕ್ಕದ ಪಕ್ಕದಲ್ಲಿ ಬರೆದುಕೊಳ್ಳಿ. ಮಗಳು ಇರೋಹಾಳನ್ನು ಇಯೆಯಾಸುವಿನ ಮಗ ತಾದತೆರುವಿಗೆ ಕೊಟ್ಟದ್ದು ರಾಜಕೀಯ ನಂಟಸ್ತನ. 1616ರಲ್ಲಿ ಅಳಿಯನ ಸೀಮೆಯನ್ನೇ ಸರ್ಕಾರ ಮುಟ್ಟುಗೋಲು ಹಾಕಿಕೊಂಡಾಗ ಆ ನಂಟಿನ ಆಸರೆಯೂ ತಪ್ಪಿತು.

ದಂತಕತೆಗಳನ್ನು ಬಿಡಬೇಕಿಲ್ಲ, ಆದರೆ ಕತೆಯೆಂದೇ ಹೇಳಬೇಕು. ಸಿಡುಬಿನಿಂದ ಬಲಗಣ್ಣು ಹೋದದ್ದು ಸಾಮಾನ್ಯವಾಗಿ ಒಪ್ಪಿರುವ ಸಂಗತಿ. ಒಡವಾರಾಕ್ಕೆ ಅವನು ಸಾವಿನ ಬಿಳಿಯುಡುಗೆಯಲ್ಲಿ ಬಂದನೆಂಬುದನ್ನೂ, ತನ್ನ ಅಸಲಿ ಪತ್ರಗಳಲ್ಲಿ ಹಕ್ಕಿಯಾಕಾರದ ಸಹಿಯ ಕಣ್ಣಿಗೆ ಸೂಜಿರಂಧ್ರವಿರುತ್ತದೆ, (ವಾಗಾಕ್ಕೂ ಹಿಂದಿನ ಇನ್ನೊಂದು ದಂಗೆಯ) ದಂಗೆಕೋರರಿಗೆ ಬರೆದದ್ದೆನ್ನುವ ಪತ್ರದಲ್ಲಿ ಅದಿಲ್ಲ ಎಂದು ವಾದಿಸಿ ಪಾರಾದನೆಂಬುದನ್ನೂ ಮಾತ್ರ ಎಷ್ಟೇ ಸೊಗಸಾಗಿದ್ದರೂ ಪುರಾವೆಯಂತೆ ಬಳಸಬಾರದು.

1613ರಲ್ಲಿ ಅವನು ತನ್ನ ಕೈಕೆಳಗಿನ ಯೋಧ ಹಸೆಕುರಾ ತ್ಸುನೆನಾಗಾನನ್ನು ರಾಯಭಾರಿಯಾಗಿ ಮೆಕ್ಸಿಕೊ ಮಾರ್ಗವಾಗಿ ಯುರೋಪಿಗೆ ಕಳುಹಿಸಿದ ವಿಚಾರಕ್ಕೆ ಜಪಾನಿನ ದಾಖಲೆಗಳಷ್ಟೇ ಸಾಲವು. ಐದನೇ ಪೌಲ್ ಪೋಪನಿಗೆ ಬರೆದ ಪತ್ರ ಇಂದಿಗೂ ವ್ಯಾಟಿಕನ್‌ನಲ್ಲಿದೆ. ಹಸೆಕುರಾ 1620ರಲ್ಲಿ ಮರಳುವ ಹೊತ್ತಿಗೆ ಕ್ರೈಸ್ತಧರ್ಮವೇ ನಿಷಿದ್ಧವಾಗಿತ್ತು, ಬಯಸಿದ ವ್ಯಾಪಾರವೂ ಕುದುರಲಿಲ್ಲ.

ಬರಹವನ್ನು 1636ರ ಮರಣಕ್ಕೇ ನಿಲ್ಲಿಸದೆ ಭೂಮಿಯ ಲೆಕ್ಕ ಮುಗಿಯುವವರೆಗೆ ಒಯ್ಯಿರಿ: ಮಗ ತಾದಮುನೆಗೆ ಸಂದ ಆ ಸೀಮೆ ದಾತೆ ಮನೆತನದಲ್ಲೇ ಉಳಿದು, 1868ರ ಅಂತರ್ಯುದ್ಧದಲ್ಲಿ ಸೋತ ಮೇಲೆ 2,80,000 ಕೊಕುಗಳಿಗೆ ಇಳಿಯಿತು.