ರೇಡ್ 5 ಬಿದ್ದುಹೋದ ನ್ಯಾಸ್‌ನಿಂದ ಡೇಟಾ ವಾಪಸ್ ಪಡೆದದ್ದು

ನಾಲ್ಕು ಡಿಸ್ಕ್‌ಗಳ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಪೆಟ್ಟಿಗೆ), ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ), ಒಳಗೆ ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಂ. ಒಂದು ಡಿಸ್ಕ್ ಮೊದಲೇ ಅರೇಯಿಂದ (ಹೀಗೆ ಜೋಡಿಸಿದ ಗುಂಪಿನಿಂದ) ಹೊರಬಿದ್ದಿತ್ತು, ನಾನು ಗಮನಿಸಿರಲಿಲ್ಲ. ಇನ್ನೊಂದೂ ಕೈಕೊಟ್ಟಾಗ ವಾಲ್ಯೂಮ್ ಪೂರ್ತಿ ಮಾಯವಾಯಿತು.

ರೀಸ್ಟಾರ್ಟ್ ಮಾಡಿದೆ, ಡಿಸ್ಕ್ ತೆಗೆದು ಹಾಕಿದೆ, ಪ್ರಯೋಜನವಿಲ್ಲ. ರಿಪೇರಿ ಬಟನ್ ಒತ್ತಲೂ ಆಗಲಿಲ್ಲ. ವಿಂಡೋಸ್‌ಗೆ ಜೋಡಿಸಿದರೆ ಇನಿಶಿಯಲೈಸ್ (ಹೊಸ ಡಿಸ್ಕ್‌ನಂತೆ ಸಿದ್ಧ) ಮಾಡಲಾ ಎಂದು ಕೇಳಿತು. ಅದಕ್ಕೆ ಹೂಂ ಅನ್ನಲೇಬೇಡಿ.

ಕೊನೆಗೆ ಡಿಸ್ಕ್‌ಗಳಿಗೆ 1ರಿಂದ 4 ಅಂಕಿ ಬರೆದು ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿದೆ. ಕೆಟ್ಟ ಡಿಸ್ಕ್‌ಗಳಿಂದಲೂ ನಕಲು ತೆಗೆಯುವ ಡಿಡಿರೆಸ್ಕ್ಯೂ ಪ್ರೋಗ್ರಾಂನಿಂದ ನಾಲ್ಕಕ್ಕೂ ಬೇರೆ ಡಿಸ್ಕ್‌ಗಳಿಗೆ ನಕಲು ತೆಗೆದೆ, ಎಲ್ಲೆಲ್ಲಿ ಓದಿ ಆಯಿತೆಂದು ದಾಖಲಿಸುವ ಮ್ಯಾಪ್ ಫೈಲ್ ಇಟ್ಟುಕೊಂಡು. ಮುಂದಿನದೆಲ್ಲ ನಕಲಿನ ಮೇಲೆಯೇ, ಏಕೆಂದರೆ ಅರೇಯನ್ನು ಬಲವಂತವಾಗಿ (ಫೋರ್ಸ್) ಜೋಡಿಸಿದರೆ ಡಿಸ್ಕ್ ಮೇಲಿನ ರೇಡ್ ಮಾಹಿತಿಯೇ ಬದಲಾಗುತ್ತದೆ.

ಆಮೇಲೆ ಮುಖ್ಯ ಕೆಲಸ. ಲಿನಕ್ಸ್‌ನಲ್ಲಿ ರೇಡ್ ನಿಭಾಯಿಸುವ ಎಂಡಿಎಡಿಎಂ ಕಮಾಂಡ್‌ನ ಎಕ್ಸಾಮಿನ್ ಆಯ್ಕೆಯಿಂದ ಪ್ರತಿ ಡಿಸ್ಕ್‌ನ ಡೇಟಾ ಪಾರ್ಟಿಷನ್ (ನನ್ನಲ್ಲಿ 3ನೆಯದು) ನೋಡಿ, ಈವೆಂಟ್ಸ್ ಸಂಖ್ಯೆ (ಅರೇ ಬದಲಾದಂತೆ ಏರುವ ಎಣಿಕೆ) ಬರೆದುಕೊಳ್ಳಿ. ನನ್ನಲ್ಲಿ ಎರಡು 48210, ಒಂದು 48203, ಇನ್ನೊಂದು ಬರೀ 31977. ತುಂಬಾ ಹಿಂದೆ ಇರುವುದೇ ಮೊದಲು ಬಿದ್ದ ಡಿಸ್ಕ್. ಅದರ ಡೇಟಾ ಹಳೆಯದು, ಸೇರಿಸಿದರೆ ಫೈಲ್‌ಗಳು ಕೆಡುತ್ತವೆ. ಅದನ್ನು ಬಿಟ್ಟು ಉಳಿದ ಮೂರನ್ನು ಅಸೆಂಬಲ್, ಫೋರ್ಸ್, ರನ್, ರೀಡ್‌ಓನ್ಲಿ ಆಯ್ಕೆಗಳೊಂದಿಗೆ ಜೋಡಿಸಿದೆ. ಅರೇ ಎದ್ದಿತು. ಇಲ್ಲಿ ಅರೇಯನ್ನು ಹೊಸದಾಗಿ ಕಟ್ಟುವ ಕ್ರಿಯೇಟ್ ಆಯ್ಕೆ ಬಳಸುವ ಸಲಹೆ ಸಿಗುತ್ತದೆ. ಡಿಸ್ಕ್‌ಗಳ ಕ್ರಮವೋ ಚಂಕ್ (ಒಂದೊಂದು ಡಿಸ್ಕ್‌ಗೆ ಹಂಚುವ ಡೇಟಾ ತುಂಡು) ಗಾತ್ರವೋ ತಪ್ಪಿದರೆ ಡೇಟಾ ಕೈಗೆ ಸಿಗುವುದಿಲ್ಲ, ಮುಟ್ಟಬೇಡಿ.

ಅರೇ ಮೇಲೆ ಎಲ್‌ವಿಎಂ (ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಪದರ) ಇದ್ದರೆ ಮೊದಲು ವಿಜಿಚೇಂಜ್ ಕಮಾಂಡ್‌ನಿಂದ ಅದನ್ನು ಆ್ಯಕ್ಟಿವ್ ಮಾಡಿ. ಮೌಂಟ್ ಮಾಡುವಾಗ (ಫೈಲ್‌ಗಳು ಕಾಣುವಂತೆ ಜೋಡಿಸುವಾಗ) ಆರ್‌ಒ (ಓದಲು ಮಾತ್ರ) ಜೊತೆ ನೋಲೋಡ್ (ಜರ್ನಲ್ ಬಿಟ್ಟುಬಿಡುವ ಆಯ್ಕೆ) ಕೂಡ ಕೊಡಿ. ಬರೀ ಆರ್‌ಒ ಕೊಟ್ಟರೆ ಜರ್ನಲ್ (ಬಾಕಿ ಬದಲಾವಣೆಗಳ ದಾಖಲೆ) ಓಡಿಸಲು ಹೋಗಿ ಮೌಂಟ್ ನಿಂತುಬಿಡುತ್ತದೆ. ಫೋಲ್ಡರ್‌ಗಳು ಕಂಡವು. ಫೈಲ್ ನಕಲಿಸುವ ಆರ್‌ಸಿಂಕ್‌ನಿಂದ ಎಲ್ಲವನ್ನೂ ಹೊರಗೆ ತೆಗೆದೆ.