ಕ್ಯಾಸ್ಕೋಡ್ ಆಂಪ್ಲಿಫೈಯರ್ ವಿನ್ಯಾಸ: ನನ್ನ ಅನುಭವ

ಒಂದೇ ಟ್ರಾನ್ಸಿಸ್ಟರ್‌ನ ಕಾಮನ್ ಎಮಿಟರ್ ಆಂಪ್ಲಿಫೈಯರ್‌ನಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಹೆಚ್ಚಿಸಿದಷ್ಟೂ ಬ್ಯಾಂಡ್‌ವಿಡ್ತ್ (ಸರಿಯಾಗಿ ವರ್ಧಿಸಬಲ್ಲ ಆವರ್ತನಗಳ ವ್ಯಾಪ್ತಿ) ಕುಗ್ಗುತ್ತದೆ. ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಬೇಸ್ ಎಂಬ ಕಾಲುಗಳ ನಡುವಿನ ಪುಟ್ಟ ಕೆಪ್ಯಾಸಿಟೆನ್ಸ್ ಮಿಲ್ಲರ್ ಪರಿಣಾಮದಿಂದ ಇನ್‌ಪುಟ್‌ಗೆ (ಗೇನ್ + 1) ಪಟ್ಟು ದೊಡ್ಡದಾಗಿ ಕಾಣುವುದೇ ಅದಕ್ಕೆ ಮುಖ್ಯ ಕಾರಣ. ಇದು ಎಷ್ಟೆಂದು ತಿಳಿಯಲು 2ಎನ್3904 ಟ್ರಾನ್ಸಿಸ್ಟರ್, 12 ವೋಲ್ಟ್ ಸರಬರಾಜು, 2 ಮಿಲಿಆಂಪಿಯರ್ ಕರೆಂಟ್, 1.8 ಕಿಲೋಓಮ್ ಲೋಡ್ ಮತ್ತು 600 ಓಮ್ ಸಿಗ್ನಲ್ ಮೂಲ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. 26 ಮಿಲಿವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ಎಮಿಟರ್‌ನ ಒಳರೋಧ 13 ಓಮ್, ಗೇನ್ ಸುಮಾರು 138. ಡೇಟಾಶೀಟ್ ಹೇಳುವ ಗರಿಷ್ಠ 4 ಪಿಕೋಫ್ಯಾರಡ್ ಕಲೆಕ್ಟರ್-ಬೇಸ್ ಕೆಪ್ಯಾಸಿಟೆನ್ಸ್ ಬೇಸ್‌ನಲ್ಲಿ 550 ಪಿಕೋಫ್ಯಾರಡ್ ದಾಟುತ್ತದೆ, ಬ್ಯಾಂಡ್‌ವಿಡ್ತ್ ಸುಮಾರು 640 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ.

ಕ್ಯಾಸ್ಕೋಡ್ ಎಂದರೆ ಒಂದರ ಮೇಲೊಂದು ಜೋಡಿಸಿದ ಎರಡು ಟ್ರಾನ್ಸಿಸ್ಟರ್‌ಗಳು: ಸಿಗ್ನಲ್ ಕೆಳಗಿನದರ ಬೇಸ್‌ಗೆ ಬರುತ್ತದೆ, ಅದರ ಕರೆಂಟ್ ಮೇಲಿನದರ ಮೂಲಕ ಲೋಡ್‌ಗೆ ಹೋಗುತ್ತದೆ. ಇದರಲ್ಲಿ ಕೆಳಗಿನ ಟ್ರಾನ್ಸಿಸ್ಟರ್‌ಗೆ ಲೋಡ್ ಆಗಿ ಸಿಗುವುದು ಮೇಲಿನದರ ಎಮಿಟರ್‌ನ 13 ಓಮ್ ಮಾತ್ರ. ಆದ್ದರಿಂದ ಅದರ ವೋಲ್ಟೇಜ್ ಗೇನ್ ಒಂದಕ್ಕಿಳಿದು, 4 ಪಿಕೋಫ್ಯಾರಡ್ 8 ಆಗಿಯಷ್ಟೇ ಕಾಣುತ್ತದೆ. ಅದೇ ಕರೆಂಟ್ ಲೋಡ್‌ನಲ್ಲಿ ಹರಿಯುವುದರಿಂದ ಒಟ್ಟು ಗೇನ್ ಮಾತ್ರ ಹಾಗೆಯೇ ಉಳಿಯುತ್ತದೆ. ಇನ್‌ಪುಟ್‌ನ ಮಿತಿ 8 ಮೆಗಾಹರ್ಟ್ಸ್ ದಾಟುತ್ತದೆ.

ಪಠ್ಯಪುಸ್ತಕದ ವಿವರಣೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಆದರೆ ನನ್ನ ಅನುಭವದಲ್ಲಿ ವಿನ್ಯಾಸದ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ. ಮಿಲ್ಲರ್ ಅಡ್ಡಿ ಸರಿದ ಕೂಡಲೇ ಔಟ್‌ಪುಟ್ ಕಡೆಯ ಕೆಪ್ಯಾಸಿಟೆನ್ಸ್ ಮುಂದೆ ಬರುತ್ತದೆ. ಆಸಿಲ್ಲೋಸ್ಕೋಪ್‌ನ ಪ್ರೋಬ್‌ನದೇ 12 ಪಿಕೋಫ್ಯಾರಡ್ ಎಂದುಕೊಂಡರೂ, ಕಲೆಕ್ಟರ್‌ನದೂ ಸೇರಿ 16 ಆಗಿ, 1.8 ಕಿಲೋಓಮ್‌ನೊಂದಿಗೆ 5.5 ಮೆಗಾಹರ್ಟ್ಸ್‌ನಲ್ಲೇ ಗೇನ್ ಇಳಿಯತೊಡಗುತ್ತದೆ. ಲೋಡನ್ನು 1 ಕಿಲೋಓಮ್‌ಗೆ ಇಳಿಸಿದರೆ ಗೇನ್ 77ಕ್ಕೆ ಬರುತ್ತದೆ, ಔಟ್‌ಪುಟ್ ಮಿತಿ 10 ಮೆಗಾಹರ್ಟ್ಸ್‌ಗೆ ಏರುತ್ತದೆ. ಆದ್ದರಿಂದ ನಾನು ಮೊದಲು ಲೋಡ್ ರೆಸಿಸ್ಟರನ್ನು ನಿರ್ಧರಿಸಿ, ಬಯಾಸಿಂಗನ್ನು (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್‌ಗಳಲ್ಲಿರಬೇಕಾದ ಸ್ಥಿರ ವೋಲ್ಟೇಜ್ ಮತ್ತು ಕರೆಂಟನ್ನು ನಿಗದಿಪಡಿಸುವುದನ್ನು) ಆಮೇಲೆ ಕೈಗೆತ್ತಿಕೊಳ್ಳುತ್ತೇನೆ.

ಬಯಾಸಿಂಗ್ ಕಷ್ಟವಲ್ಲ. ಕೆಳಗಿನ ಎಮಿಟರ್‌ನಲ್ಲಿ ಸುಮಾರು 1 ವೋಲ್ಟ್, ಕೆಳಗಿನ ಟ್ರಾನ್ಸಿಸ್ಟರ್‌ನ ಕಲೆಕ್ಟರ್-ಎಮಿಟರ್ ನಡುವೆ 2 ವೋಲ್ಟ್ ಬಿಟ್ಟು, ಉಳಿದದ್ದೆಲ್ಲವನ್ನೂ ಮೇಲಿನದರ ಏರಿಳಿತಕ್ಕೆ ಮೀಸಲಿಡುತ್ತೇನೆ. ನೆಲದಿಂದ (ಗ್ರೌಂಡ್‌ನಿಂದ) ಮೇಲಕ್ಕೆ 8.2, 10 ಮತ್ತು 39 ಕಿಲೋಓಮ್‌ಗಳ ಒಂದೇ ಸರಣಿ ಎರಡೂ ಬೇಸ್‌ಗಳಿಗೆ ಸಾಕಾಗುತ್ತದೆ. 470 ಓಮ್ ಎಮಿಟರ್ ರೆಸಿಸ್ಟರ್‌ಗೆ ಸಿಗ್ನಲ್ಲನ್ನು ನೇರವಾಗಿ ನೆಲಕ್ಕೆ ಹಾಯಿಸುವ ಬೈಪಾಸ್ ಕೆಪ್ಯಾಸಿಟರ್ ಇರಲೇಬೇಕು.

ಬೋರ್ಡಿನ ಮೇಲೆ ಅತಿ ಹೆಚ್ಚು ಎಚ್ಚರ ಬೇಡುವ ಜಾಗ ಮೇಲಿನ ಬೇಸ್. ಅದನ್ನು ನೆಲಕ್ಕೆ ಜೋಡಿಸುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್‌ನ ಕಾಲುಗಳು ಉದ್ದವಾದರೆ ಅವುಗಳ ಇಂಡಕ್ಟೆನ್ಸ್‌ನಿಂದ ಆ ಟ್ರಾನ್ಸಿಸ್ಟರ್ ತಾನಾಗಿಯೇ ಆಂದೋಲಿಸಬಹುದು. ಹಾಗಾಗಿ ಕಾಲುಗಳನ್ನು ಬುಡದವರೆಗೆ ಕತ್ತರಿಸಿ, ಬೇಸ್‌ಗೆ ತಾಗಿಕೊಂಡಂತೆ 47 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಬೆಸುಗೆ ಹಾಕುತ್ತೇನೆ.