ಓರೆ ವಿಮಾನವೊಂದನ್ನು ಕೈಯಾರೆ ಕಟ್ಟಿ ಅರಿತದ್ದು

ವಿಮಾನದ ಮೇಲುನೋಟದ ನಕ್ಷೆಯನ್ನು ಬರೆಯಲು ಕುಳಿತಾಗ ನಾನು ಮೊದಲು ಎಳೆಯುವುದು ಮೂಗಿನಿಂದ ಬಾಲದವರೆಗಿನ ನಡುಗೆರೆಯನ್ನು. ಒಂದು ಬದಿಯನ್ನು ಅಳತೆಗೆ ಸರಿಯಾಗಿ ಬರೆದುಕೊಂಡರೆ, ಕಾಗದವನ್ನು ಆ ಗೆರೆಯ ಮೇಲೆ ಮಡಚಿ ಇನ್ನೊಂದು ಬದಿಯನ್ನು ಪಡೆಯಬಹುದು. ಹಳೆಯ ಯುದ್ಧವಿಮಾನಗಳ ನಕ್ಷೆಗಳನ್ನು ನಾನು ಹಲವು ವರ್ಷ ಹೀಗೆಯೇ ಬರೆದೆ. ಜರ್ಮನಿಯ ಬ್ಲೋಮ್ ಉಂಟ್ ಫಾಸ್ ಸಂಸ್ಥೆಯ ಬಿವಿ 141 ವಿಮಾನವನ್ನು ಕೈಗೆತ್ತಿಕೊಂಡ ದಿನ ಈ ಕ್ರಮ ಮೊದಲ ಬಾರಿಗೆ ಕೈಕೊಟ್ಟಿತು. ಆ ವಿಮಾನಕ್ಕೆ ನಡುಗೆರೆಯೇ ಇಲ್ಲ. ಎಂಜಿನ್ ಮತ್ತು ಬಾಲವನ್ನು ಹೊತ್ತ ಉದ್ದನೆಯ ಒಡಲು ಎಡಕ್ಕಿದೆ, ಮೂವರು ಕುಳಿತುಕೊಳ್ಳುವ ಗಾಜಿನ ಕೋಣೆ ರೆಕ್ಕೆಯ ಮೇಲೆ ಪ್ರತ್ಯೇಕವಾಗಿ ಬಲಕ್ಕಿದೆ, ನಂತರದ ಬಿ ಮಾದರಿಯಲ್ಲಿ ಬಾಲದ ಅಡ್ಡರೆಕ್ಕೆಯೂ ಎಡಬದಿಗೆ ಮಾತ್ರ ಚಾಚಿಕೊಂಡಿದೆ. ಚಿತ್ರದಲ್ಲಿ ನೋಡಿದವರಿಗೆ ಎರಡು ವಿಮಾನಗಳ ಮುರಿದ ಭಾಗಗಳನ್ನು ಜೋಡಿಸಿದಂತೆ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು, ಆದರೆ ಅದು ಹಾರಿದ ವಿಮಾನ ಎಂಬ ಸಂಗತಿ ನನ್ನನ್ನು ಬಿಡಲಿಲ್ಲ. ಹಾರಿದ್ದು ಹೇಗೆ ಎಂಬುದನ್ನು ಓದಿ ಒಪ್ಪಿಕೊಳ್ಳುವುದಕ್ಕಿಂತ ಕೈಯಿಂದಲೇ ಕಂಡುಕೊಳ್ಳಬೇಕು ಎಂದು ನಿಶ್ಚಯಿಸಿ, ರೆಕ್ಕೆಯ ಅಗಲ ಅರ್ಧ ಮೀಟರ್ ಬರುವಂತೆ ಬಾಲ್ಸಾ ಮರದಲ್ಲಿ ಅದರ ಹಾರುವ ಮಾದರಿಯನ್ನು ಮಾಡಲು ತೊಡಗಿದೆ. ನಿಜವಾದ ವಿಮಾನದ ರೆಕ್ಕೆ ಸುಮಾರು ಹದಿನೇಳೂವರೆ ಮೀಟರ್ ಅಗಲವಿದ್ದುದರಿಂದ ನನ್ನದು ಮೂವತ್ತೈದರಲ್ಲಿ ಒಂದು ಪಾಲು.

ಮರಕ್ಕೆ ಚಾಕು ಹಾಕುವ ಮೊದಲು, ಈ ಆಕಾರವನ್ನು ಯಾವ ಪ್ರಶ್ನೆ ಹುಟ್ಟಿಸಿತು ಎಂಬುದನ್ನು ತಿಳಿದುಕೊಂಡೆ. 1937ರಲ್ಲಿ ಜರ್ಮನಿಯ ವಾಯು ಸಚಿವಾಲಯವು ನೆಲದ ವೀಕ್ಷಣೆಗಾಗಿ ಒಂದು ಹೊಸ ವಿಮಾನವನ್ನು ಕೇಳಿತ್ತು. ಎಂಜಿನ್ ಒಂದೇ ಇರಬೇಕು, ಮೂವರು ಕೂರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸುತ್ತಲೂ ಅಡೆತಡೆಯಿಲ್ಲದೆ ಕಾಣಬೇಕು. ಒಂಟಿ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ಮುಂದಿರುತ್ತದೆ, ಚಾಲಕನು ಅದರ ಹಿಂದೆ ಕುಳಿತು ಅದರ ಬೆನ್ನಿನಾಚೆಗೆ ಇಣುಕಬೇಕಾಗುತ್ತದೆ. ಎಂಜಿನ್ ಒಂದೇ ಇರಲಿ ಎಂಬ ಮಾತೂ ಮುಂದೆ ಏನೂ ಅಡ್ಡ ಬರಬಾರದು ಎಂಬ ಮಾತೂ ಒಂದಕ್ಕೊಂದು ವಿರುದ್ಧವಾಗಿದ್ದವು. ವಿನ್ಯಾಸಕ ರಿಚರ್ಡ್ ಫೋಗ್ಟ್ ಎರಡನ್ನೂ ಅಕ್ಷರಶಃ ಪಾಲಿಸಿದರು: ಎಂಜಿನ್ನನ್ನು ಪಕ್ಕಕ್ಕೆ ಸರಿಸಿ, ಜನರನ್ನು ಇನ್ನೊಂದು ಪಕ್ಕಕ್ಕೆ ಕೂರಿಸಿದರು. ಈ ಹಿನ್ನೆಲೆ ತಿಳಿದ ಮೇಲೆ ಅದೇ ಚಿತ್ರ ನನಗೆ ವಿಚಿತ್ರವಾಗಿ ಕಾಣುವುದು ನಿಂತುಹೋಯಿತು. ಬಾಲದ ಬಲ ಅರ್ಧವನ್ನು ತೆಗೆದದ್ದು ಸಹ ಕೋಣೆಯ ಹಿಂತುದಿಯಲ್ಲಿ ಕುಳಿತ ಬಂದೂಕುಗಾರನ ನೋಟಕ್ಕೂ ಗುಂಡಿನ ದಾರಿಗೂ ಅದು ಅಡ್ಡವಾಗಬಾರದೆಂದು. ಅಂದಿನಿಂದ ನಾನು ಯಾವುದೇ ಅಪರೂಪದ ವಿಮಾನವನ್ನು ಅಭ್ಯಾಸ ಮಾಡುವಾಗ ಮೊದಲು ಬೇಡಿಕೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ, ಆಮೇಲಷ್ಟೇ ಚಿತ್ರಗಳನ್ನು ತೆರೆಯುತ್ತೇನೆ.

ನನ್ನ ಮಾದರಿಯ ಮೊದಲ ರೂಪಕ್ಕೆ ಎರಡೂ ಬದಿಗೆ ಚಾಚಿದ ಬಾಲವನ್ನೇ ಇಟ್ಟೆ, ಏಕೆಂದರೆ ಆರಂಭದ ವಿಮಾನಗಳಲ್ಲಿಯೂ ಬಾಲವು ಹಾಗೆಯೇ ಇತ್ತು. ರೆಕ್ಕೆಯನ್ನು ಮೂರು ಮಿಲಿಮೀಟರ್ ಹಲಗೆಯಿಂದ ಕತ್ತರಿಸಿ, ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಬರುವಂತೆ ಉಪ್ಪುಕಾಗದದಿಂದ ಉಜ್ಜಿದೆ. ಗಾಜಿನ ಕೋಣೆಯನ್ನು ಗಟ್ಟಿ ತುಂಡೊಂದರಿಂದ ಕೆತ್ತಿದೆ. ಇಲ್ಲಿಯೇ ನನ್ನ ಮೊದಲ ತಪ್ಪು ಆಯಿತು. ನಿಜವಾದ ವಿಮಾನದಲ್ಲಿ ಎಂಜಿನ್ ಇರುವ ಎಡ ಒಡಲು ಭಾರ, ಗಾಜಿನ ಕೋಣೆ ಹಗುರ. ನನ್ನಲ್ಲಿ ಒಡಲು ಬರಿಯ ಕಡ್ಡಿಯಂತಿತ್ತು, ಕೋಣೆ ಗಟ್ಟಿ ಮರವಾಗಿತ್ತು. ಮೊದಲ ಎಸೆತದಲ್ಲಿಯೇ ಅದು ಬಲಕ್ಕೆ ಮಗುಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಬಡಿದು, ಬುಡದಲ್ಲಿ ಮುರಿಯಿತು.

ಅಂಟಿಸಿ ಒಣಗಲು ಬಿಟ್ಟ ಆ ರಾತ್ರಿ ಸಮತೋಲದ ಲೆಕ್ಕವನ್ನು ಹೊಸದಾಗಿ ಹಾಕಿದೆ. ಸಾಮಾನ್ಯ ಮಾದರಿಯಲ್ಲಿ ಗುರುತ್ವ ಕೇಂದ್ರವನ್ನು ಹಿಂದೆ ಮುಂದೆ ಮಾತ್ರ ಹುಡುಕಿದರೆ ಸಾಕು, ಎಡಬಲದ ಸಮತೋಲ ತಾನಾಗಿಯೇ ದೊರೆಯುತ್ತದೆ. ಇಲ್ಲಿ ಎರಡೂ ದಿಕ್ಕಿನಲ್ಲಿ ಹುಡುಕಬೇಕಿತ್ತು. ಮಾದರಿಯನ್ನು ಒಂದೇ ದಾರದಿಂದ ತೂಗುಹಾಕಿ, ಕಟ್ಟುವ ಜಾಗವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ, ಯಾವ ಬದಿಗೂ ವಾಲದೆ ನಿಲ್ಲುವ ಬಿಂದುವನ್ನು ಗುರುತಿಸಿದೆ. ಅದು ಕೋಣೆಯ ಕಡೆಗೆ ಬಿದ್ದಿತ್ತು. ಎಡ ಒಡಲಿನ ಮೂಗಿಗೆ ಜೇಡಿಮಣ್ಣಿನ ಚಿಕ್ಕ ಉಂಡೆಗಳನ್ನು ಒಂದೊಂದಾಗಿ ಸೇರಿಸಿದಂತೆ ಆ ಬಿಂದು ಎಡಕ್ಕೂ ಮುಂದಕ್ಕೂ ಒಟ್ಟಿಗೆ ಸರಿಯಿತು, ಕೊನೆಗೆ ಒಡಲಿಗೂ ಕೋಣೆಗೂ ನಡುವೆ ರೆಕ್ಕೆಯ ಮಧ್ಯಕ್ಕೆ ಬಂದು ನಿಂತಿತು. ಬಹಳ ದಿನ ಒಗಟಾಗಿದ್ದದ್ದು ಆಗ ಬಿಡಿಸಿಕೊಂಡಿತು: ಕಣ್ಣಿಗೆ ಓರೆಯಾದ ಈ ವಿಮಾನ ತೂಕದ ಮಟ್ಟಿಗೆ ಓರೆಯಲ್ಲ. ಭಾರದ ಎಂಜಿನ್ ಒಂದು ತಟ್ಟೆಯಲ್ಲಿ, ಹಗುರವಾದ ಕೋಣೆ ಇನ್ನೊಂದು ತಟ್ಟೆಯಲ್ಲಿ ಇರುವ ತಕ್ಕಡಿ ಅದು, ಮತ್ತು ಎರಡರ ಮೊತ್ತವನ್ನು ರೆಕ್ಕೆಯ ಎರಡು ಅರ್ಧಗಳು ಸಮನಾಗಿ ಎತ್ತುತ್ತವೆ.

ಎರಡನೆಯ ಬಾರಿ ಎಸೆದಾಗ ಮಾದರಿ ಮಗುಚಲಿಲ್ಲ, ಆದರೆ ನಿಧಾನವಾಗಿ ಬಲಕ್ಕೆ ತಿರುಗುತ್ತ ಹೋಯಿತು. ಕೋಣೆಗೆ ತಗಲುವ ಗಾಳಿಯ ತಡೆಯೇ ಇದಕ್ಕೆ ಕಾರಣ. ಬಾಲದ ನಿಂತ ಪಟ್ಟಿಯ ಹಿಂತುದಿಯನ್ನು ಉಗುರಿನಷ್ಟು ಎಡಕ್ಕೆ ಬಗ್ಗಿಸಿದ್ದೇ ಸಾಕಾಯಿತು, ಮಾದರಿ ನೇರವಾಗಿ ತೇಲಿ, ನಾನು ನಿಂತಿದ್ದ ಕೋಣೆಯ ಇನ್ನೊಂದು ಗೋಡೆಯವರೆಗೆ ಹೋಯಿತು. ಆ ಹಾರಾಟ ಕೆಲವೇ ಕ್ಷಣಗಳದ್ದಾದರೂ ನನಗೆ ಆದ ಸಂತೋಷವನ್ನು ಹೇಳದೆ ಇರಲಾರೆ. ಆಮೇಲೆ ಬಾಲದ ಬಲ ಅರ್ಧವನ್ನು ಕತ್ತರಿಸಿದೆ. ಕೂಡಲೇ ಮಾದರಿ ಮೂಗನ್ನು ಎತ್ತುತ್ತ ಇಳಿಸುತ್ತ ಅಲೆಯಂತೆ ಹಾರತೊಡಗಿತು. ಉಳಿದ ಎಡ ಅರ್ಧವನ್ನು ಉದ್ದಗೊಳಿಸಿ, ಕಳೆದುಕೊಂಡ ವಿಸ್ತಾರವನ್ನು ಮರಳಿ ಕೊಟ್ಟಾಗ ಅಲೆ ನಿಂತಿತು. ಬಾಲಕ್ಕೆ ಬೇಕಾದದ್ದು ವಿಸ್ತಾರವೇ ಹೊರತು ಎಡಬಲಗಳ ಸಮಾನತೆಯಲ್ಲ ಎಂಬುದು ಹೀಗೆ ತಿಳಿಯಿತು.

ನನಗೆ ಹೆಚ್ಚು ಅನುಮಾನವಿದ್ದದ್ದು ಎಂಜಿನ್ನಿನ ಎಳೆತದ ಬಗ್ಗೆ. ಪ್ರೊಪೆಲ್ಲರ್ ಗುರುತ್ವ ಕೇಂದ್ರದ ಎಡಕ್ಕಿರುವುದರಿಂದ ಅದು ವಿಮಾನದ ಮೂಗನ್ನು ಬಲಕ್ಕೆ ತಿರುಗಿಸಬೇಕು, ಕೋಣೆಯ ಮೇಲಿನ ಗಾಳಿಯ ತಡೆಯೂ ಅದೇ ದಿಕ್ಕಿಗೆ ತಿರುಗಿಸುತ್ತದೆ, ಹಾಗಾದರೆ ಪೂರ್ಣ ಶಕ್ತಿಯಲ್ಲಿ ಮೇಲೇರುವಾಗ ಗತಿಯೇನು? ರಬ್ಬರ್ ಸುರುಳಿಯಿಂದ ತಿರುಗುವ ಪ್ರೊಪೆಲ್ಲರನ್ನು ಮಾದರಿಗೆ ಜೋಡಿಸಿ, ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವಂತೆ ಮಾಡಿದೆ. ರಬ್ಬರನ್ನು ಬಿಗಿಯಾಗಿ ತಿರುಚಿ ಮೂಗನ್ನು ಮೇಲಕ್ಕೆತ್ತಿ ಬಿಟ್ಟಾಗ, ಬಲಕ್ಕೆ ಸುತ್ತಿಕೊಂಡು ಬೀಳುವ ಬದಲು ಅದು ಹೆಚ್ಚುಕಡಿಮೆ ನೇರವಾಗಿ ಏರಿತು. ಮೂಗು ಮೇಲಕ್ಕಿದ್ದಾಗ, ಬಲಬದಿಯಲ್ಲಿ ಕೆಳಗಿಳಿಯುವ ಅಲಗು ಎಡಬದಿಯಲ್ಲಿ ಏರುವ ಅಲಗಿಗಿಂತ ಗಾಳಿಯನ್ನು ಹೆಚ್ಚು ಬಲವಾಗಿ ಹಿಡಿಯುತ್ತದೆ, ಆದ್ದರಿಂದ ಎಳೆತದ ಕೇಂದ್ರವೇ ಬಲಕ್ಕೆ, ಅಂದರೆ ಗುರುತ್ವ ಕೇಂದ್ರದ ಕಡೆಗೆ ಸರಿಯುತ್ತದೆ. ಸಾಮಾನ್ಯ ವಿಮಾನಗಳಲ್ಲಿ ಮೂಗನ್ನು ಎಡಕ್ಕೆ ಎಳೆದು ಚಾಲಕನಿಗೆ ಕಾಟ ಕೊಡುವ ಈ ಪರಿಣಾಮವೇ ಇಲ್ಲಿ ಉಪಕಾರಿಯಾಗಿದೆ. ಎಂಜಿನ್ ಎಡಕ್ಕೂ ಕೋಣೆ ಬಲಕ್ಕೂ ಇರುವುದು ಆಕಸ್ಮಿಕವಲ್ಲ ಎಂಬುದನ್ನು ನಾನು ನಂಬಿದ್ದು ಅಂದು.

ವಿಮಾನ 1938ರಲ್ಲಿ ಹಾರಿತು. ಆದರೂ ಅದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲಿಲ್ಲ. ಆಯ್ಕೆಯಾದದ್ದು ಫೋಕೆ-ವುಲ್ಫ್ 189, ಒಂದೇ ಎಂಜಿನ್ ಇರಬೇಕೆಂಬ ಬೇಡಿಕೆಯನ್ನು ಬದಿಗಿಟ್ಟು ಎರಡು ಎಂಜಿನ್‌ಗಳನ್ನು ಅಳವಡಿಸಿಕೊಂಡು ನಡುವೆ ಗಾಜಿನ ಕೋಣೆಯನ್ನಿಟ್ಟ ವಿಮಾನ. ಬೇಡಿಕೆಯನ್ನು ಪಾಲಿಸಿದ್ದು ಸೋತು, ಮೀರಿದ್ದು ಗೆದ್ದಿತು. ಬಿವಿ 141ರ ಬಿ ಮಾದರಿಗೆ ಬೇಕಾಗಿದ್ದ ಬಿಎಂಡಬ್ಲ್ಯು 801 ಎಂಜಿನ್ನಿಗೆ ಫೋಕೆ-ವುಲ್ಫ್ 190 ಯುದ್ಧವಿಮಾನದಿಂದಲೂ ಬೇಡಿಕೆಯಿತ್ತು ಎಂಬುದನ್ನೂ ಮರೆಯಬಾರದು. ಫೋಕೆ-ವುಲ್ಫ್ ಸಂಸ್ಥೆಯ ವಿನ್ಯಾಸಗಳ ಹೊಣೆ ಹೊತ್ತಿದ್ದ ಕುರ್ಟ್ ಟ್ಯಾಂಕ್ ಅವರೇ ಯುದ್ಧದ ನಂತರ ಭಾರತಕ್ಕೆ ಬಂದು, 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನವನ್ನು ರೂಪಿಸಿದರು. ಬಿವಿ 141 ಒಂದೂ ಇಂದು ಉಳಿದಿಲ್ಲ. ನನ್ನಂಥವರು ಮರದಲ್ಲಿ ಕೆತ್ತಿಕೊಂಡಷ್ಟೇ ಅದು ಇದೆ, ಹಾಗಾಗಿ ಅಳತೆಗಳಲ್ಲಿ ಉದಾಸೀನ ಮಾಡಬಾರದೆಂಬುದು ನನ್ನ ಹಟ.

ಈ ಆಸಕ್ತಿಯ ಬಗ್ಗೆ ಮನಸ್ಸಿನಲ್ಲಿರುವ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇವು ಯುದ್ಧಕ್ಕೆಂದು ಹುಟ್ಟಿದ ಯಂತ್ರಗಳು, ಅವುಗಳಲ್ಲಿ ಕೆಲವನ್ನು ಕಟ್ಟಿಸಿಕೊಂಡದ್ದು ಕ್ರೂರವಾದ ಆಡಳಿತ. ಗಾಜಿನ ಕೋಣೆಯಿಂದ ಕೆಳಗೆ ನೋಡುವ ಕಣ್ಣುಗಳು ಹುಡುಕುತ್ತಿದ್ದದ್ದು ಗುಂಡು ಹಾಕಬೇಕಾದ ಜಾಗಗಳನ್ನು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ವಿಮಾನದ ಪುಟದ ಮೇಲೂ ಅದನ್ನು ಯಾರು, ಯಾವ ಕೆಲಸಕ್ಕೆ ಕಟ್ಟಿಸಿದರು ಎಂಬುದನ್ನು ಬರೆಯುತ್ತೇನೆ. ಆ ಸಾಲನ್ನು ಬಿಟ್ಟು ವಿನ್ಯಾಸವನ್ನು ಮಾತ್ರ ಮೆಚ್ಚುವುದು ನನ್ನಿಂದಾಗದು.

ಮುಂದೆ ಕೈಗೆತ್ತಿಕೊಂಡದ್ದು ಅಮೆರಿಕದ ವಾಟ್ ಸಂಸ್ಥೆಯ ವಿ-173. ಚಾರ್ಲ್ಸ್ ಝಿಮ್ಮರ್‌ಮನ್ ಅವರ ಕಲ್ಪನೆಯ ಈ ವಿಮಾನದಲ್ಲಿ ಒಡಲು ಬೇರೆ, ರೆಕ್ಕೆ ಬೇರೆ ಎಂಬುದಿಲ್ಲ. ಇಡೀ ವಿಮಾನವೇ ಒಂದು ದುಂಡನೆಯ ತಟ್ಟೆ, ಅದರ ಎರಡು ತುದಿಗಳಲ್ಲಿ ಭಾರಿ ಪ್ರೊಪೆಲ್ಲರ್‌ಗಳು. 1942ರ ನವೆಂಬರ್ 23ರಂದು ಅದು ಮೊದಲು ಹಾರಿತು. ಉದ್ದೇಶವೇನೆಂದರೆ ಹಡಗಿನ ಮೇಲಿನ ಇಕ್ಕಟ್ಟಾದ ಜಾಗದಿಂದಲೂ ಏರಿಳಿಯಬಲ್ಲಷ್ಟು ನಿಧಾನವಾಗಿ ಹಾರುವುದು. ಗಿಡ್ಡ ರೆಕ್ಕೆಗಳ ದೊಡ್ಡ ದೋಷವೆಂದರೆ, ಕೆಳಗಿನ ಒತ್ತಡದ ಗಾಳಿ ತುದಿಯನ್ನು ಬಳಸಿ ಮೇಲಕ್ಕೆ ಸುರುಳಿಯಾಗಿ ನುಗ್ಗಿ ಶಕ್ತಿಯನ್ನು ಹಾಳುಮಾಡುವುದು. ಈ ಸುರುಳಿಯನ್ನು ನೋಡಲು ನಾನು ದಪ್ಪ ರಟ್ಟಿನ ತಟ್ಟೆಯೊಂದನ್ನು ಮೇಜಿನ ಫ್ಯಾನಿನ ಮುಂದೆ ಮುಂತುದಿ ಎತ್ತಿ ನಿಲ್ಲಿಸಿ, ಅಂಚುಗಳಿಗೆ ಹೊಲಿಗೆ ದಾರದ ತುಂಡುಗಳನ್ನು ಅಂಟಿಸಿದೆ. ನಡುವಿನ ದಾರಗಳು ನೇರವಾಗಿ ಹಿಂದಕ್ಕೆ ಚಾಚಿಕೊಂಡವು, ಎರಡು ತುದಿಗಳ ದಾರಗಳು ಮಾತ್ರ ಗಿರಗಿರನೆ ಸುತ್ತತೊಡಗಿದವು, ಒಂದು ಎಡಕ್ಕೆ, ಒಂದು ಬಲಕ್ಕೆ. ಝಿಮ್ಮರ್‌ಮನ್ ಅವರು ಅದೇ ಜಾಗದಲ್ಲಿ ಪ್ರೊಪೆಲ್ಲರ್‌ಗಳನ್ನಿಟ್ಟು, ಸುರುಳಿಗೆ ಎದುರಾದ ದಿಕ್ಕಿನಲ್ಲಿ, ಅಂದರೆ ಹೊರಬದಿಯ ಅಲಗು ಕೆಳಗಿಳಿಯುವಂತೆ ತಿರುಗಿಸಿದರು. ನನ್ನ ದಾರದ ಹಿಂದೆ ಪುಟ್ಟ ಪ್ರೊಪೆಲ್ಲರನ್ನು ಹಿಡಿದು ಅದನ್ನು ತೋರಿಸುವುದು ನನ್ನ ಕೈಗೆ ದಕ್ಕಲಿಲ್ಲ, ಫ್ಯಾನಿನ ಗಾಳಿಯೇ ತಿರುಚಿಕೊಂಡು ಬರುತ್ತಿತ್ತು. ಇಂಥ ಪ್ರಯೋಗಕ್ಕೆ ಗಾಳಿಯನ್ನು ಮೊದಲು ಜೇನುಗೂಡಿನಂತೆ ಜೋಡಿಸಿದ ಕಾಗದದ ಕೊಳವೆಗಳ ಮೂಲಕ ಹಾಯಿಸಿ ನೇರಗೊಳಿಸಬೇಕು ಎಂಬುದನ್ನು ತಡವಾಗಿ ಕಲಿತೆ. ವಿ-173 ಉಳಿದುಕೊಂಡಿದೆ, ಅದರ ಮುಂದಿನ ರೂಪವಾದ ಎಕ್ಸ್‌ಎಫ್5ಯು ಹಾರುವ ಮೊದಲೇ ಯೋಜನೆ ನಿಂತು, ಅದನ್ನು ಒಡೆದು ಹಾಕಲಾಯಿತು.

ಮಾದರಿ ಕಟ್ಟುವುದರಿಂದ ತಿಳಿಯದ ಸಂಗತಿಗಳೂ ಇವೆ, ಅವುಗಳಿಗೆ ನಿಜವಾದ ಯಂತ್ರದ ಮುಂದೆ ನಿಲ್ಲಬೇಕು. ಅಮೆರಿಕದ ವರ್ಜೀನಿಯಾದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಉದ್ವಾರ್-ಹೇಜಿ ಕೇಂದ್ರದಲ್ಲಿರುವ ಡೋರ್ನಿಯರ್ 335 ನನಗೆ ಅದನ್ನು ಕಲಿಸಿತು. ಮೂಗಿನಲ್ಲೊಂದು, ಬಾಲದ ಹಿಂದೊಂದು ಪ್ರೊಪೆಲ್ಲರ್ ಇರುವ ಈ ವಿಮಾನಗಳಲ್ಲಿ ಉಳಿದಿರುವುದು ಅದೊಂದೇ. ನಕ್ಷೆಯಲ್ಲಿ ನಾನು ಅದನ್ನು ಸಣಕಲು ವಿಮಾನವೆಂದು ಭಾವಿಸಿದ್ದೆ, ಎದುರಿಗೆ ನಿಂತಾಗ ಅದರ ಉದ್ದನೆಯ ಕಾಲುಗಳನ್ನೂ ಎತ್ತರವನ್ನೂ ಕಂಡು ಬೆರಗಾದೆ. ಅಪಾಯದಲ್ಲಿ ಹೊರಗೆ ಹಾರುವ ಚಾಲಕ ಹಿಂದಿನ ಪ್ರೊಪೆಲ್ಲರಿಗೆ ಸಿಲುಕಬಾರದೆಂದು ಅದನ್ನೂ ಬಾಲದ ಮೇಲಿನ ಪಟ್ಟಿಯನ್ನೂ ಸ್ಫೋಟಕಗಳಿಂದ ಕಳಚುವ ವ್ಯವಸ್ಥೆ ಅದರಲ್ಲಿತ್ತು. 1970ರ ದಶಕದಲ್ಲಿ ದುರಸ್ತಿಗೆಂದು ಜರ್ಮನಿಗೆ ಕಳಿಸಿದಾಗ, ಸುಮಾರು ಮೂವತ್ತು ವರ್ಷಗಳ ನಂತರವೂ ಆ ಸ್ಫೋಟಕಗಳು ಸಜೀವವಾಗಿ ಒಳಗೇ ಇದ್ದುದು ಪತ್ತೆಯಾಯಿತು. ಆ ಬಾಲದ ಕೆಳಗೆ ನಿಂತು ಬೆಸುಗೆಗಳನ್ನೂ ಕೀಲುಗಳನ್ನೂ ಒಂದು ಗಂಟೆ ನೋಡಿದೆ, ಗೆರೆ ಎಳೆದುಕೊಂಡೆ.

ಈಗ ನನ್ನ ಮೇಜಿನ ಮೇಲಿರುವುದು ಮೆಕ್‌ಡೊನೆಲ್ ಎಕ್ಸ್‌ಎಫ್-85 ಗಾಬ್ಲಿನ್. ದೊಡ್ಡ ಬಾಂಬರಿನ ಹೊಟ್ಟೆಯೊಳಗೆ ಕುಳಿತು ಹೋಗಿ, ಶತ್ರು ಬಂದಾಗ ಹೊರಬಿದ್ದು ಕಾದಾಡಿ, ಮರಳಿ ಬಂದು ಮೂಗಿನ ಕೊಕ್ಕೆಯಿಂದ ತಾಯಿವಿಮಾನಕ್ಕೆ ನೇತುಬೀಳಬೇಕಾದ ನಾಲ್ಕೂವರೆ ಮೀಟರ್ ಉದ್ದದ ಜೆಟ್ ಅದು. ಇಳಿಯಲು ಚಕ್ರಗಳೇ ಇಲ್ಲ. 1948ರ ಆಗಸ್ಟ್ 23ರ ಮೊದಲ ಸ್ವತಂತ್ರ ಹಾರಾಟದಲ್ಲಿ ತಾಯಿವಿಮಾನದ ಕೆಳಗಿನ ಕದಡಿದ ಗಾಳಿಗೆ ಸಿಕ್ಕಿ ಅದು ನೇತು ಚೌಕಟ್ಟಿಗೆ ಬಡಿಯಿತು, ಚಾಲಕನ ಮೇಲಿನ ಗಾಜು ಒಡೆಯಿತು, ಆತ ಒಣ ಕೆರೆಯ ನೆಲದ ಮೇಲೆ ಹೊಟ್ಟೆಯೂರಿ ಇಳಿಸಬೇಕಾಯಿತು. ಕಾಗದದ ಕೊಳವೆಗಳ ಜೇನುಗೂಡನ್ನು ಫ್ಯಾನಿಗೆ ಕಟ್ಟಿ, ತಾಯಿವಿಮಾನದ ಹೊಟ್ಟೆಯ ಬದಲಿಗೆ ಉದ್ದನೆಯ ಹಲಗೆಯೊಂದನ್ನು ಅದರ ಮುಂದೆ ನಿಲ್ಲಿಸಿದ್ದೇನೆ. ಕೆಳಗಿನಿಂದ ಪುಟ್ಟ ಮಾದರಿಯನ್ನು ಕಡ್ಡಿಯ ತುದಿಯಲ್ಲಿ ಮೇಲಕ್ಕೆ ತಂದಂತೆ, ಅದರ ಬೆನ್ನಿಗೆ ಅಂಟಿಸಿದ ದಾರಗಳು ಹಲಗೆಯಿಂದ ನಾಲ್ಕು ಬೆರಳು ದೂರದವರೆಗೂ ನೇರವಾಗಿರುತ್ತವೆ, ಆಮೇಲೆ ನಡುಗಲು ಶುರುಮಾಡುತ್ತವೆ. ಕೊಕ್ಕೆಯನ್ನು ಕೆತ್ತುವ ಮೊದಲು ಆ ನಾಲ್ಕು ಬೆರಳಿನ ಜಾಗವನ್ನು ಅರ್ಧ ಬೆರಳಿನಂತೆ ಅಳೆದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.